ಪಾದ್ರಿಯ ಕಿವಿ

ಸೆಪ್ಟೆಂಬರ್ 2, ಮಂಗಳವಾರ

ಒಂಬತ್ತನೇ ತರಗತಿಗೆ ಇವತ್ತು ‘ಮಧ್ಯಯುಗದ ಜೀವನದಲ್ಲಿ ಧರ್ಮ ಮತ್ತು ಚರ್ಚು’ ಪಾಠ ಶುರು ಮಾಡಿದೆ. ಇಪ್ಪತ್ತಾರು ವರ್ಷದಿಂದ ಇದೇ ಪಾಠ. ಆದರೂ ಮೊದಲ ದಿನ ಮೈಯಲ್ಲೊಂದು ಹುರುಪು ಬರುತ್ತದೆ. ಪುಸ್ತಕ ಮುಚ್ಚಿಸಿ, “ಗಡಿಯಾರವೇ ಇಲ್ಲದ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ” ಎಂದೆ. ಏಳುವುದಕ್ಕೆ ಚರ್ಚಿನ ಗಂಟೆ, ಹೊಲದಿಂದ ಮರಳುವುದಕ್ಕೆ ಗಂಟೆ, ಸತ್ತರೆ ಗಂಟೆ, ಬೆಂಕಿ ಬಿದ್ದರೆ ಗಂಟೆ. ಹುಟ್ಟಿದ ಕೂಸಿನ ನೆತ್ತಿಗೆ ನೀರು ಹಾಕುವವನೂ ಪಾದ್ರಿ, ಹೆಣದ ಮೇಲೆ ಮಣ್ಣು ಹಾಕಿಸುವವನೂ ಪಾದ್ರಿ. ಬೆಳೆದ ಹತ್ತು ಹೊರೆಯಲ್ಲಿ ಒಂದು ಹೊರೆ ಚರ್ಚಿನ ಕಣಜಕ್ಕೆ. “ಅಂದರೆ, ಆ ಊರಲ್ಲಿ ಜನ ಚರ್ಚಿಗೆ ಹೋಗುತ್ತಿರಲಿಲ್ಲ, ಚರ್ಚಿನ ಒಳಗೇ ಬದುಕುತ್ತಿದ್ದರು” ಎಂದಾಗ ನಲವತ್ತು ಮುಖಗಳೂ ನನ್ನ ಕಡೆ ತಿರುಗಿದ್ದವು.

ಪಕ್ಕದ ಕೋಣೆಯ ವಿಜ್ಞಾನದ ಮೇಡಂ ಬಂದು ನಮ್ಮ ಬಾಗಿಲು ಎಳೆದುಕೊಂಡು ಹೋದರು. ನನ್ನ ಕಂಠ ಮೂರು ಕೋಣೆ ದಾಟುತ್ತದಂತೆ. ಮಕ್ಕಳು ಬೆನ್ನ ಹಿಂದೆ ‘ಗುಡುಗು ಮೇಷ್ಟ್ರು’ ಅನ್ನುತ್ತಾರೆ. ಅನ್ನಲಿ. ಈಗಿನವರ ಹಾಗೆ ಗಂಟಲಲ್ಲೇ ಮಾತು ನುಂಗುವುದು ನನಗೆ ಬಂದಿಲ್ಲ.

ಸೆಪ್ಟೆಂಬರ್ 5, ಶುಕ್ರವಾರ

ಮಠಗಳ ಪಾಠ. ಹಗಲೂ ಇರುಳೂ ಸೇರಿ ಎಂಟು ಹೊತ್ತಿನ ಪ್ರಾರ್ಥನೆ, ಊಟಕ್ಕೆ ಕೂತಾಗ ಮೌನ, ಉಪ್ಪು ಬೇಕಾದರೂ ಕೈಸನ್ನೆ. ಹಿಂದಿನ ಬೆಂಚಿನವನೊಬ್ಬ ಎದ್ದು, ಸನ್ಯಾಸಿಗಳಿಗೆ ರಾಜ ಇದ್ದನೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. “ಇದ್ದ, ಆದರೆ ಅವನನ್ನು ಅವರು ಕ್ಯಾರೇ ಅನ್ನುತ್ತಿರಲಿಲ್ಲ” ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನನ್ನ ಮಾತಿಗೆ ನಕ್ಕರು ಎಂದುಕೊಂಡೆ. ಮುಂದಿನ ಬೆಂಚಿನವಳು, “ರಾಜ ಅಲ್ಲ ಸರ್, ರಜೆ! ರಜೆ ಇತ್ತಾ ಅಂತ!” ಎಂದಳು. ಬಾಯಿ ಬಿಟ್ಟು ಮಾತಾಡುವುದನ್ನು ಕಲಿ ಎಂದು ಆ ಹುಡುಗನನ್ನು ಗದರಿದೆ.

ಸಂಜೆ ಹೆಂಡತಿಯ ಜೊತೆ ಹೊರಗೆ ಹೋಗುವುದಿತ್ತು. ಅವಳು “ಬೀಗ ಎಲ್ರೀ?” ಎಂದಿದ್ದಾಳೆ. ನಾನು “ಬೇಗ ಎಲ್ಲಿ, ಇನ್ನೂ ಐದೂವರೆ” ಎಂದೆ. ಹೊಲಿಗೆ ಯಂತ್ರದ ಸದ್ದಿನಲ್ಲಿ ಯಾರಿಗೆ ತಾನೇ ನೆಟ್ಟಗೆ ಕೇಳಿಸೀತು? ಹಾಗೆಂದರೆ, “ಯಂತ್ರ ನಿಲ್ಸಿ ಕಾಲು ಗಂಟೆ ಆಯ್ತು” ಎಂದಳು. ಆಮೇಲೆ ಬಾಗಿಲ ಬಳಿ ತಗ್ಗಿದ ದನಿಯಲ್ಲಿ, “ಒಂದ್ಸಲ ಡಾಕ್ಟರಿಗೆ ತೋರಿಸ್ಬಾರ್ದಾ” ಎಂದಳು. ಅದು ಮಾತ್ರ ಚೆನ್ನಾಗಿ ಕೇಳಿಸಿತು. ಕೇಳಿಸದವನ ಹಾಗೆ ಇದ್ದುಬಿಟ್ಟೆ.

ಹಿಂದೆ ನಮ್ಮ ಗಣಿತದ ಮೇಷ್ಟ್ರಿಗೆ ಕಣ್ಣು ಮಂಜಾದಾಗ ಅವರನ್ನು ಗ್ರಂಥಾಲಯಕ್ಕೆ ಹಾಕಿದರು. ಎರಡು ವರ್ಷ ಅಲ್ಲಿ ತಾವು ಓದಲಾಗದ ಪುಸ್ತಕಗಳ ಧೂಳು ಒರೆಸುತ್ತ ಕೂತು ನಿವೃತ್ತರಾದರು. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಶಾಲೆಯಲ್ಲಿ ದೊಡ್ಡ ಅನಾಹುತ. ಮಹಡಿಯ ಮೇಲಿನ ಪ್ರಯೋಗಾಲಯದಲ್ಲಿ ಯಾರೋ ನಲ್ಲಿ ತೆರೆದಿಟ್ಟು ಹೋಗಿದ್ದಾರೆ. ಶನಿವಾರ ಬೆಳಗ್ಗೆಯಿಂದ ನೀರು ಬಂದಿರಲಿಲ್ಲ, ಸಂಜೆ ಬಂದಿದೆ. ತೊಟ್ಟಿಯಲ್ಲಿ ಒರೆಸುವ ಬಟ್ಟೆ ಸಿಕ್ಕಿಕೊಂಡು ನೀರು ಉಕ್ಕಿ, ಭಾನುವಾರವಿಡೀ ಕೆಳಗಿನ ದಾಖಲೆ ಕೋಣೆಗೆ ಸುರಿದಿದೆ. ನಲವತ್ತು ವರ್ಷದ ದಾಖಲಾತಿ ಪುಸ್ತಕಗಳು ನೆನೆದ ರೊಟ್ಟಿಯ ಹಾಗೆ ಉಬ್ಬಿಕೊಂಡಿದ್ದವು.

ಕೋಣೆಗಳಿಗೆ ಬೀಗ ಹಾಕುವುದು ಗಂಟೆಯಣ್ಣನ ಕೆಲಸ. ಶಾಲೆಯ ಗಂಟೆ ಹೊಡೆಯುವ ಜವಾನ, ಅದಕ್ಕೇ ಆ ಹೆಸರು. ಇಪ್ಪತ್ತೊಂಬತ್ತು ವರ್ಷದಿಂದ ಇಲ್ಲಿದ್ದಾನೆ. ಮುಖ್ಯೋಪಾಧ್ಯಾಯಿನಿ ಅವನನ್ನು ಎಲ್ಲರೆದುರಿಗೇ ಬೈದರು. ಅವನು ಪ್ಯಾಂಟು ಮಡಿಚಿಕೊಂಡು ಮೊಣಕಾಲಿನವರೆಗಿನ ನೀರಲ್ಲಿ ನಿಂತು ಪುಸ್ತಕ ಎತ್ತಿ ಎತ್ತಿ ಕೊಡುತ್ತಿದ್ದ. ಏನೂ ಎದುರಾಡಲಿಲ್ಲ. ಆಡಿದ್ದರೂ ಅವನ ದನಿ ಅವನ ಮೀಸೆ ದಾಟಿ ಬರುವುದು ಕಡಿಮೆ.

ಸೆಪ್ಟೆಂಬರ್ 9, ಮಂಗಳವಾರ

ಪಾಪನಿವೇದನೆಯ ಪಾಠ, ಅಂದರೆ ಮಾಡಿದ ತಪ್ಪನ್ನು ಪಾದ್ರಿಯ ಮುಂದೆ ಹೇಳಿಕೊಳ್ಳುವುದು. ನನ್ನ ಅತ್ಯುತ್ತಮ ಪಾಠ ಇದು ಎಂದು ನಾನೇ ಹೇಳಿಕೊಳ್ಳಬೇಕು. ಸಿನಿಮಾದಲ್ಲಿ ಕಾಣುವ ಮರದ ಗೂಡು, ಜಾಲರಿ ಎಲ್ಲ ಆಮೇಲೆ ಬಂದವು ಎಂದು ಮೊದಲೇ ಹೇಳಿದೆ. ಆ ಕಾಲದಲ್ಲಿ ಪಾದ್ರಿ ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರುತ್ತಿದ್ದ. ಮುಸುಕನ್ನು ಹಣೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದ, ಹೇಳುವವರ ಮುಖ ನೋಡುತ್ತಿರಲಿಲ್ಲ. ಮಂಡಿಯೂರಿದವರು ಪಿಸುದನಿಯಲ್ಲಿ ಹೇಳಿ ಎದ್ದು ಹೋಗುತ್ತಿದ್ದರು. 1215ರ ನಂತರ, ವರ್ಷಕ್ಕೆ ಒಂದು ಸಲವಾದರೂ ಎಲ್ಲರೂ ಹೇಳಿಕೊಳ್ಳಲೇಬೇಕಿತ್ತು.

“ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಪಾದ್ರಿ ಎಂದರೆ ಒಂದು ಕಿವಿ, ಅಷ್ಟೇ. ಒಳಗೆ ಹೋದ ಮಾತು ಹೊರಗೆ ಬರುವಂತಿಲ್ಲ. ಬಂತೋ, ಅವನ ಪದವಿ ಹೋಯಿತು. ಸಾಯುವವರೆಗೂ ಮಠದಲ್ಲಿ ಪ್ರಾಯಶ್ಚಿತ್ತ.”

ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಮೂರನೇ ಬೆಂಚಿನ ಉಗುರು ಕಚ್ಚುವ ಹುಡುಗಿ ಉಗುರು ಕಚ್ಚುವುದನ್ನೂ ಮರೆತು ನನ್ನನ್ನೇ ನೋಡುತ್ತಿದ್ದಳು.

ಸೆಪ್ಟೆಂಬರ್ 11, ಗುರುವಾರ

ಕೊನೆಯ ಅವಧಿ ಮುಗಿದು ಎಲ್ಲರೂ ಹೋದ ಮೇಲೆ ಆ ಉಗುರು ಕಚ್ಚುವ ಹುಡುಗಿ ಉಳಿದಿದ್ದಳು. ನಾನು ನೋಟ್ ಪುಸ್ತಕ ಜೋಡಿಸುತ್ತಿದ್ದೆ. ಅವಳು ಮೇಜಿನ ಎಡಕ್ಕೆ ಬಂದು, ತಲೆ ತಗ್ಗಿಸಿ, ಬೆರಳು ಬಾಯಿಯ ಬಳಿ ಇಟ್ಟುಕೊಂಡೇ ಏನೋ ಹೇಳಿದಳು. ಹೊರಗೆ ಆಟದ ಮೈದಾನದ ಗಲಾಟೆ. ‘ಶನಿವಾರ’ ಎಂಬುದು ಕೇಳಿಸಿತು. ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದಳು. ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ನೋಡಿದಳು. “ಆಯ್ತಮ್ಮ, ಮನಸ್ಸಿಗೆ ಹಚ್ಕೋಬೇಡ. ಹೋಗು” ಎಂದೆ. ಅವಳು ಇನ್ನೇನೋ ಕೇಳಿದಳು. ಅದಕ್ಕೂ ತಲೆಯಾಡಿಸಿದೆ. ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಹೋದಳು.

ಶನಿವಾರ ತಂದುಕೊಡಬೇಕಾದ ಭೂಪಟ ಮುಗಿದಿಲ್ಲ ಎಂದಿರಬೇಕು. ಅಷ್ಟಕ್ಕೆ ಅಳುವುದೇ?

ಸೆಪ್ಟೆಂಬರ್ 13, ಶನಿವಾರ

ಅವಳು ಭೂಪಟ ತಂದಿದ್ದಾಳೆ. ಯಾತ್ರೆಯ ದಾರಿಗಳನ್ನು ಮೂರು ಬಣ್ಣದಲ್ಲಿ ಬರೆದಿದ್ದಾಳೆ. ಇಡೀ ತರಗತಿಯಲ್ಲಿ ಅದೇ ಚೆಂದ.

ಹಾಗಾದರೆ ಅವತ್ತು ಹೇಳಿದ್ದೇನು?

ಸೆಪ್ಟೆಂಬರ್ 14, ಭಾನುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಡಿಗೆ ಹೋಗಿ ಏನು ತರಬೇಕೆಂಬುದೇ ಮರೆತು ಬಂದೆ. “ಕಾಲಿಗೆ ಚಕ್ರ ಕಟ್ಕೊಂಡಿದೀರಾ?” ಎಂದಳು ಹೆಂಡತಿ. ಹುಡುಗಿಯನ್ನು ಕರೆದು ಕೇಳಿದರಾಯಿತು. ಏನೆಂದು ಕೇಳುವುದು? ಅಳುತ್ತಾ ಐದು ನಿಮಿಷ ಹೇಳಿದವಳಿಗೆ, ‘ನೀನು ಏನಂದೆ?’ ಎನ್ನುವುದೇ? ನಾಳೆ ಹೊತ್ತಿಗೆ ಸ್ಟಾಫ್ ರೂಮಿಗೆ ಸುದ್ದಿ, ನಾಡಿದ್ದು ಗ್ರಂಥಾಲಯ.

ಸಣ್ಣ ವಿಷಯವೇ ಇರಬೇಕು. ಆ ವಯಸ್ಸಿಗೆ ಎಲ್ಲವೂ ದೊಡ್ಡದು.

ಸೆಪ್ಟೆಂಬರ್ 16, ಮಂಗಳವಾರ

ನೀರಿನ ವಿಚಾರಣೆಗೆ ಮೂರು ಜನರ ಸಮಿತಿ. ಮುಖ್ಯೋಪಾಧ್ಯಾಯಿನಿ, ವಿಜ್ಞಾನದ ಮೇಡಂ, ಹಿರಿಯ ಎಂಬ ಕಾರಣಕ್ಕೆ ನಾನು. ಗಂಟೆಯಣ್ಣ ಕಿಟಕಿಗೆ ಬೆನ್ನು ಮಾಡಿ ನಿಂತಿದ್ದ. ಬೆಳಕು ನನ್ನ ಕಣ್ಣಿಗೆ ಹೊಡೆಯುತ್ತಿತ್ತು, ಅವನ ಮುಖ ಕಪ್ಪಾಗಿ ಕಾಣುತ್ತಿತ್ತು. “ನಿನ್ನ ಸಮಜಾಯಿಷಿ ಏನು?” ಎಂದು ಮುಖ್ಯೋಪಾಧ್ಯಾಯಿನಿ ಕೇಳಿದ ಹೊತ್ತಿಗೆ ಅವರ ಫೋನು ಬಂತು, ಕುರ್ಚಿ ತಿರುಗಿಸಿಕೊಂಡರು. ವಿಜ್ಞಾನದ ಮೇಡಂ ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತಲಿಲ್ಲ. ಗಂಟೆಯಣ್ಣ ನನ್ನನ್ನೇ ನೋಡಿ ಎರಡು ಮಾತು ಹೇಳಿದ. ದಯೆ ಇರಲಿ ಎಂದಿರಬೇಕು. ನಾನು ತಲೆಯಾಡಿಸಿದೆ. ಅವನ ಹೆಗಲು ಸ್ವಲ್ಪ ಸಡಿಲವಾದ ಹಾಗೆ ಕಂಡಿತು.

ವರದಿ ಬಂದಾಗ, ‘ಆರೋಪಿಯ ಬಳಿ ಸಮಜಾಯಿಷಿ ಇಲ್ಲ. ಕೆಲಸದಿಂದ ತೆಗೆಯಲು ಶಿಫಾರಸು’ ಎಂದಿತ್ತು. ಎರಡು ಸಹಿ ಆಗಿದ್ದವು. ಮೂರನೆಯದನ್ನು ನಾನು ಹಾಕಿದೆ. ಆಡಳಿತ ಮಂಡಳಿ ತಿಂಗಳ ಕೊನೆಗೆ ತೀರ್ಮಾನಿಸುತ್ತದೆ. ಅಲ್ಲಿಯವರೆಗೆ ಅವನು ಮನೆಯಲ್ಲಿರಬೇಕು.

ಸಹಿ ಮಾಡುವಾಗ ಪೆನ್ನು ಬರೆಯಲಿಲ್ಲ, ಮೇಡಂ ತಮ್ಮದನ್ನು ಕೊಟ್ಟರು. ಅವರ ಕೈ ತಣ್ಣಗಿತ್ತು.

ಸೆಪ್ಟೆಂಬರ್ 17, ಬುಧವಾರ

ನಾವು ಮೂವರೂ ಸಹಿ ಹಾಕಿದ ಸುದ್ದಿ ಮಕ್ಕಳವರೆಗೂ ಹೋಗಿದೆ. ಇವತ್ತು ಗಂಟೆ ಹೊಡೆದದ್ದು ಗುಮಾಸ್ತ. ಹತ್ತು ನಿಮಿಷ ತಡ. ಆದರೆ ತರಗತಿಯಲ್ಲಿ ಒಂದು ಅಪರೂಪದ ಗಳಿಗೆ. ಉಗುರು ಕಚ್ಚುವ ಹುಡುಗಿ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಪ್ರಶ್ನೆ ಹಾಕಿದಳು: “ಸರ್, ಒಬ್ಬರು ಮಾಡಿದ ತಪ್ಪಿಗೆ ಇನ್ನೊಬ್ಬರಿಗೆ ಶಿಕ್ಷೆ ಆಗ್ತಿದ್ರೆ? ಆವಾಗ್ಲೂ ಪಾದ್ರಿ ಸುಮ್ನೆ ಇರ್ಬೇಕಾ?”

ಇಷ್ಟು ದಿನದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಮೇಜಿನ ಮೇಲೆ ಕೈ ಊರಿ, “ಆವಾಗಲೂ ಸುಮ್ಮನಿರಬೇಕು. ನಿರಪರಾಧಿಯನ್ನು ಗಲ್ಲಿಗೆ ಹಾಕುತ್ತಿದ್ದರೂ ಪಾದ್ರಿಯ ಬಾಯಿಗೆ ಬೀಗ. ಅದೇ ಆ ನಿಯಮದ ಶಕ್ತಿ!” ಎಂದೆ.

“ಅವನಿಗೆ ಹೊಟ್ಟೇಲಿ ಸಂಕಟ ಆಗಲ್ವಾ ಸರ್?”

“ಆದರೂ ಮುಖದಲ್ಲಿ ತೋರಿಸುವಂತಿಲ್ಲ.”

ಅವಳು ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೂತಳು. ಇಂಥ ಮಕ್ಕಳು ಇದ್ದರೆ ಪಾಠ ಮಾಡುವುದೇ ಒಂದು ಸುಖ.

ಸೆಪ್ಟೆಂಬರ್ 19, ಶುಕ್ರವಾರ

ಸುಖ ಎಂದು ಬರೆದವನು ಎರಡು ದಿನದಿಂದ ಊಟ ಸರಿಯಾಗಿ ಮಾಡಿಲ್ಲ. ಆ ಹುಡುಗಿ ನಾನು ಬರುವುದನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾಳೆ. ನಿನ್ನೆ ವರಾಂಡದಲ್ಲಿ ಎದುರಾದಾಗ ಗೋಡೆಗೆ ಒತ್ತಿಕೊಂಡು ನಿಂತಳು. ನಾನೇನು ಹುಲಿಯೇ?

ದಾರಿಯಲ್ಲಿ ಗಂಟೆಯಣ್ಣನ ಹೆಂಡತಿ ಸಿಕ್ಕಳು. ನಮಸ್ಕಾರ ಎಂದೆ. ಪರಿಚಯವಿಲ್ಲದವಳ ಹಾಗೆ ಹೋದಳು.

ಸೆಪ್ಟೆಂಬರ್ 20, ಶನಿವಾರ

ಏನೂ ಇಲ್ಲ. ಮೂರು ಸಲ ಬರೆಯಲು ಕೂತು ಎದ್ದೆ.

ಸೆಪ್ಟೆಂಬರ್ 23, ಮಂಗಳವಾರ

ಪಾಠದ ಕೊನೆಗೆ ಮಕ್ಕಳಿಗೆ ಒಂದು ಬರಹ ಕೊಟ್ಟಿದ್ದೆ: ನೀವು ಮಧ್ಯಯುಗದ ಹಳ್ಳಿಯವರು, ನಿಮ್ಮ ಜೀವನದಲ್ಲಿ ಚರ್ಚಿನ ಪಾತ್ರ ತಿಳಿಸುವ ಒಂದು ಪತ್ರ ಬರೆಯಿರಿ. ಊಟದ ವಿರಾಮದಲ್ಲಿ ತಿದ್ದುತ್ತಿದ್ದೆ. ಬಹಳ ಜನ ಪುಸ್ತಕದ್ದನ್ನೇ ಇಳಿಸಿದ್ದರು. ಆ ಹುಡುಗಿಯದು ಬೇರೆ. ಇಲ್ಲಿ ಇಳಿಸಿಕೊಳ್ಳುತ್ತೇನೆ:

‘ನಾನು ಗಿರಣಿಯ ಕಾಲುವೆಯ ಬಾಗಿಲು ಮುಚ್ಚುವುದನ್ನು ಮರೆತೆ. ನೀರು ನುಗ್ಗಿ ಊರಿನ ಹಿಟ್ಟೆಲ್ಲ ಹಾಳಾಯಿತು. ಗಿರಣಿಯ ಆಳನ್ನು ಊರಿಂದ ಓಡಿಸಿದರು. ನಾನು ನಮ್ಮ ಪಾದ್ರಿಗೆ ಎಲ್ಲ ಹೇಳಿದ್ದೇನೆ. ಅವರು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಯಾರಿಗೂ ಹೇಳಲ್ಲ ತಾನೇ ಎಂದು ಕೇಳಿದೆ, ತಲೆ ಆಡಿಸಿದರು. ಆಮೇಲೆ ಆಳನ್ನು ಓಡಿಸುವ ಕಾಗದಕ್ಕೆ ಅವರೇ ಮುದ್ರೆ ಒತ್ತಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಮೊದಲು ನನಗೆ ಅವರನ್ನು ಕಂಡರೆ ಪೂಜ್ಯಭಾವ ಇತ್ತು. ಈಗ ಅವರನ್ನು ಕಂಡರೆ ಹೆದರಿಕೆ.’

‘ಕಲ್ಪನೆ ಚೆನ್ನಾಗಿದೆ’ ಎಂದು ಬರೆದು ಹತ್ತಕ್ಕೆ ಒಂಬತ್ತು ಹಾಕಿದೆ. ಮುಂದಿನ ಪುಸ್ತಕ ತೆಗೆದೆ. ಎರಡು ಸಾಲು ಓದಿರಬೇಕು. ಕೈ ನಿಂತಿತು.

ವಾಪಸ್ ತೆಗೆದು ಓದಿದೆ. ಶನಿವಾರ. ನೀರು. ತಲೆ ಆಡಿಸಿದರು. ಎದುರಿಗೆ ಕೂತಿದ್ದ ವಿಜ್ಞಾನದ ಮೇಡಂ ಬಾಯಿ ಆಡಿಸುತ್ತಿದ್ದರು, ‘ಏನಾಯ್ತು ಸರ್’ ಎಂದು ಇರಬೇಕು. ಒಂದಕ್ಷರವೂ ಕೇಳಿಸಲಿಲ್ಲ.

ಆ ಮಗು ನನ್ನನ್ನು ಎಂಥವನೆಂದು ತಿಳಿದಿದೆ! ಎಲ್ಲ ಗೊತ್ತಿದ್ದೂ ಗಂಟೆಯಣ್ಣನ ಕುತ್ತಿಗೆಗೆ ಸಹಿ ಹಾಕಿದವನೆಂದು. ಮತ್ತೆ ಅದರ ಮರುದಿನವೇ ನಾನು ಎದೆ ಉಬ್ಬಿಸಿಕೊಂಡು, ‘ನಿರಪರಾಧಿಯನ್ನು ಗಲ್ಲಿಗೆ ಹಾಕುತ್ತಿದ್ದರೂ’ ಎಂದು ಗುಡುಗಿದೆ.

ಸೆಪ್ಟೆಂಬರ್ 24, ಬುಧವಾರ

ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಮೈದಾನದ ಅಂಚಿನ ಬೆಂಚಿಗೆ ಕರೆದೆ. ಎಲ್ಲರಿಗೂ ಕಾಣುವ ಜಾಗ. ನನ್ನ ಬಲಕ್ಕೆ ಕೂರಿಸಿಕೊಂಡು, ನನ್ನ ಕಡೆ ತಿರುಗಲು ಹೇಳಿದೆ.

“ನೀನು ಅವತ್ತು ಹೇಳಿದ್ದು ನನಗೆ ಕೇಳಿಸಲಿಲ್ಲ.”

“ಅಂದ್ರೆ?”

“ಅಂದರೆ ಕೇಳಿಸಲಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ.”

ಈ ಮಾತನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿದ್ದು. ಎಷ್ಟು ಜೋರಾಗಿ ಹೇಳಿದೆನೋ, ಚೆಂಡಾಡುತ್ತಿದ್ದವರು ತಿರುಗಿ ನೋಡಿದರು.

“ನೀವು ತಲೆ ಆಡ್ಸಿದ್ರಿ.”

“ಆಡಿಸಿದೆ.”

“ಮನಸ್ಸಿಗೆ ಹಚ್ಕೋಬೇಡ ಅಂದ್ರಿ.”

“ಅಂದೆ.”

“ಏನಂತ ಗೊತ್ತಿಲ್ದೇನೇ?”

ಅವಳು ಎದ್ದು ನಿಂತಳು. ಸಮಾಧಾನ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

“ಎರಡು ವಾರ ಸರ್! ಮೊದ್ಲು ನೀವು ಎಷ್ಟು ದೊಡ್ಡ ಮನುಷ್ಯ ಅನ್ಕೊಂಡೆ. ಆಮೇಲೆ ಎಷ್ಟು ಕೆಟ್ಟೋರು ಅನ್ಕೊಂಡೆ. ನೀವು ಎರಡೂ ಅಲ್ಲ. ನಿಮಗೆ ಬರೀ ಕಿವಿ ಕೇಳ್ಸಲ್ಲ!”

ಹೇಳಿ, ನಗು ಬಂದು, ನಗುತ್ತಲೇ ಅತ್ತಳು. ಆಮೇಲೆ ನನ್ನ ಬಲಗಿವಿಯ ಹತ್ತಿರ ಬಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಆ ಶನಿವಾರ ಪ್ರಯೋಗಾಲಯದ ವಿಶೇಷ ತರಗತಿ ಮುಗಿದಾಗ ವಿಜ್ಞಾನದ ಮೇಡಂ ಬೇಗ ಹೊರಟರಂತೆ. ಲೋಟಗಳನ್ನು ತೊಳೆದು, ಬೀಗ ಹಾಕಿ, ಕೀಲಿಯನ್ನು ಕಚೇರಿಯ ಮೊಳೆಗೆ ನೇತುಹಾಕು ಎಂದು ಇವಳಿಗೆ ಕೊಟ್ಟರಂತೆ. ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ. ಇವಳು ಹಾಗೇ ಬಿಟ್ಟು, ಬೀಗ ಹಾಕಿ ಹೋದಳು. ಅಷ್ಟೇ.

“ಗಂಟೆಯಣ್ಣಂಗೆ ಏನಾಗುತ್ತೆ ಸರ್?”

“ನಾನು ನಾಳೆ ಬೆಳಗ್ಗೆ ನನ್ನ ತಪ್ಪು ಹೇಳುತ್ತೇನೆ. ನಿನ್ನ ವಿಷಯ ನನ್ನ ಬಾಯಿಂದ ಬರುವುದಿಲ್ಲ. ಅದನ್ನು ನೀನೇ ಹೇಳಬೇಕು.”

ಚೀಲ ಎತ್ತಿಕೊಂಡು ಹೋದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, “ನನಗೆ ಕಿವಿ ಕೇಳಿಸುವುದಿಲ್ಲ ಕಣೆ.” ಅವಳು ಸೂಜಿಗೆ ದಾರ ಪೋಣಿಸುತ್ತಾ, “ಬೀದಿಗೆಲ್ಲ ಗೊತ್ತು. ನಿಮಗೆ ಯಾರು ಹೇಳಿದ್ರು?” ಎಂದಳು.

ಸೆಪ್ಟೆಂಬರ್ 25, ಗುರುವಾರ

ಪ್ರಾರ್ಥನೆಗೆ ಮುಂಚೆಯೇ ಹೋದೆ. ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಆ ಹುಡುಗಿ ಕೂತಿದ್ದಳು. ಪಕ್ಕದಲ್ಲಿ ನರ್ಸಿನ ಸಮವಸ್ತ್ರದಲ್ಲಿ ಅವಳ ತಾಯಿ. ನನಗಿಂತ ಮೊದಲೇ ಬಂದಿದ್ದರು. ನಾನು ಬಾಗಿಲ ಬಳಿ ನಿಂತಾಗ ತಾಯಿ, “ನಮ್ಮದು ಮುಗೀಲಿ ಸರ್, ಆಮೇಲೆ ನೀವು” ಎಂದರು. ಹಲ್ಲಿನ ಡಾಕ್ಟರ ಹತ್ತಿರ ಸರತಿ ಕಾದ ಹಾಗೆ ಕಾದೆ.

ನನ್ನ ಸರತಿ ಬಂದಾಗ ಮುಖ್ಯೋಪಾಧ್ಯಾಯಿನಿಯ ಮುಖ ಆಗಲೇ ಬಾಡಿತ್ತು. ವಿಚಾರಣೆಯ ದಿನ ಗಂಟೆಯಣ್ಣ ಏನೋ ಹೇಳಿದ, ನನಗೆ ಕೇಳಿಸಲಿಲ್ಲ, ಕೇಳಿಸಿದವನ ಹಾಗೆ ತಲೆಯಾಡಿಸಿ ಸಹಿ ಹಾಕಿದೆ ಎಂದು ಹೇಳಿದೆ. ಸಹಿ ವಾಪಸ್ ತೆಗೆದುಕೊಳ್ಳುವ ಕಾಗದ ಮೇಜಿನ ಮೇಲಿಟ್ಟೆ.

“ನಾನು ಫೋನಲ್ಲಿದ್ದೆ. ಈ ಕಡೆ ತಿರುಗಿದಾಗ ನೀವು ತಲೆ ಆಡಿಸ್ತಿದ್ದದ್ದನ್ನ ನೋಡಿದೆ. ಹಿರಿಯರು, ಪೂರ್ತಿ ಕೇಳಿಸಿಕೊಂಡಿದ್ದಾರೆ ಅಂತ ನಾನೂ ಸಹಿ ಮಾಡ್ದೆ” ಎಂದರು. ಆಮೇಲೆ ಕೇಳಿದರು: “ಯಾವಾಗಿಂದ?”

“ಎಡಗಿವಿ ಐದು ವರ್ಷ. ಬಲಗಿವಿ ಎರಡು.”

ಇದನ್ನು ನಾನು ಈ ಪುಸ್ತಕದಲ್ಲಿ ಕೂಡ ಬರೆದಿರಲಿಲ್ಲ.

ವಿಜ್ಞಾನದ ಮೇಡಂ ಅವರನ್ನು ಕರೆಸಿದರು. ಒಳಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತರು. ಗಂಟೆಯಣ್ಣ ಏನು ಹೇಳಿದನೆಂದು ಅವರಿಗೆ ಕೇಳಿಸಿತ್ತು. ವರದಿಯಲ್ಲಿ ಬೇಕೆಂದೇ ಬರೆಯಲಿಲ್ಲ. “ನೀವು ಕೇಳಿಸ್ಕೊಂಡೂ ಏನೂ ಹೇಳ್ಲಿಲ್ಲ ಸರ್. ನನ್ನನ್ನ ಉಳಿಸ್ತಿದೀರಿ ಅನ್ಕೊಂಡೆ” ಎಂದರು.

ಒಂದು ಸಲ ತಲೆಯಾಡಿಸಿ ಎಷ್ಟು ಜನರಿಗೆ ಏನೇನು ಮಾಡಿಬಿಟ್ಟೆ ನಾನು!

ಗಂಟೆಯಣ್ಣನ ಹೇಳಿಕೆಯನ್ನು ಹೊಸದಾಗಿ ಬರೆದುಕೊಂಡು ಬರಬೇಕು. ಯಾರು ಹೋಗುತ್ತೀರಿ ಎಂದು ಕೇಳುವ ಮೊದಲೇ ನಾನು ಹೋಗುತ್ತೇನೆ ಎಂದೆ.

ಸೆಪ್ಟೆಂಬರ್ 28, ಭಾನುವಾರ

ಎರಡು ದಿನ ಹೋಗಲು ಧೈರ್ಯ ಬರಲಿಲ್ಲ. ಇವತ್ತು ಬೆಳಗ್ಗೆ ಹೋದೆ. ಎರಡು ಕೋಣೆಯ ಮನೆ. ಗಂಟೆಯಣ್ಣ ಬಾಗಿಲ ಬೆಳಕಿನಲ್ಲಿ ಕೂತು ಕುರ್ಚಿಯ ಹರಿದ ಬೆತ್ತ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿ ಒಂದು ಸ್ಟೂಲು ತಂದಿಟ್ಟು ಒಳಗೆ ಹೋದಳು.

“ಗಂಟೆಯಣ್ಣ, ಅವತ್ತು ನೀನು ಹೇಳಿದ್ದು ಇನ್ನೊಂದು ಸಲ ಹೇಳಬೇಕು.”

“ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ. ನಿಮ್ಮ ಮುಖ ನೋಡ್ಕೊಂಡೇ ಹೇಳ್ದೆ.”

“ನನಗೆ ಕೇಳಿಸಲಿಲ್ಲ.”

ಅವನು ಆಗ ನನ್ನನ್ನು ನೋಡಿದ. “ಕೇಳಿಸ್ಲಿಲ್ವೋ, ಕೇಳಿಸ್ಕೊಳ್ಳಲಿಲ್ವೋ?”

ಬಸ್ಸಿನಲ್ಲಿ ಬರುವಾಗ ಹತ್ತು ಉತ್ತರ ಜೋಡಿಸಿಕೊಂಡಿದ್ದೆ. ಈ ಪ್ರಶ್ನೆಗೆ ಒಂದೂ ಸರಿಹೊಂದಲಿಲ್ಲ. “ಎರಡೂ” ಎಂದೆ.

ಬೆತ್ತದ ಒಂದು ಎಳೆಯನ್ನು ಕೊನೆಯವರೆಗೆ ಎಳೆದು ಗಂಟು ಹಾಕಿದ. “ನಿಮಗೆ ಕಿವಿ ಮಂದ ಅಂತ ನನಗೆ ಗ್ಯಾನ ಇಲ್ವಾ? ಗಂಟೆ ಹೊಡೆದ್ರೂ ಪಾಠ ನಿಲ್ಲಿಸ್ತಿರ್ಲಿಲ್ಲ ನೀವು. ಅದಕ್ಕೇ ನಾಲ್ಕು ವರ್ಷದಿಂದ ಗಂಟೆ ಹೊಡೆದಾದ್ಮೇಲೆ ನಿಮ್ಮ ಬಾಗಿಲ ಮುಂದೆ ಹಾದು ಹೋಗ್ತಿದ್ದೆ, ನೀವು ನನ್ನ ನೋಡಿ ಪುಸ್ತಕ ಮುಚ್ಚಲಿ ಅಂತ. ಯಾರಿಗೂ ಹೇಳ್ಲಿಲ್ಲ. ಅವತ್ತು ನೀವು ತಲೆ ಆಡಿಸ್ದಾಗ, ಪರವಾಗಿಲ್ಲ, ಈ ಒಂದು ಸಲ ಕೇಳಿಸ್ತು ಅನ್ಕೊಂಡೆ.”

ಕ್ಷಮಿಸು ಎಂದೆ.

“ಅದೆಲ್ಲ ಬೇಡ. ಬರ್ಕೊಳಿ.”

ಕಾಗದವನ್ನು ತೊಡೆಯ ಮೇಲಿಟ್ಟುಕೊಂಡೆ. ಕೀಲಿಯನ್ನು ಶುಕ್ರವಾರವೇ ವಿಜ್ಞಾನದ ಮೇಡಂ ಇಸಿದುಕೊಂಡಿದ್ದರು, ಶನಿವಾರ ಅದು ತನ್ನ ಬಳಿ ಇರಲಿಲ್ಲ, ಸೋಮವಾರ ಬೆಳಗ್ಗೆ ಕಚೇರಿಯ ಮೊಳೆಯಲ್ಲಿ ಕಂಡಿತು. ಇಷ್ಟೇ ಅವನ ಸಮಜಾಯಿಷಿ. ಮೂರು ಸಾಲು. ಮೂರು ಸಾಲಿಗೆ ನಾನು ಐದು ಸಲ “ಏನಂದೆ?” ಎಂದು ಕೇಳಿದೆ. ಐದು ಸಲವೂ ಹೇಳಿದ. ನಾಲ್ಕನೆಯ ಸಲಕ್ಕೆ ಸ್ವಲ್ಪ ರೇಗಿದ. ಬರೆದದ್ದನ್ನು ಓದಿ ಹೇಳಿದೆ. ಸಹಿ ಹಾಕಿ ಕಾಗದ ಹಿಂದಕ್ಕೆ ಕೊಟ್ಟು, ಮತ್ತೆ ಬೆತ್ತ ಕೈಗೆತ್ತಿಕೊಂಡ. ನಾನು ಎದ್ದು ಬಂದೆ.

ಅಕ್ಟೋಬರ್ 3, ಶುಕ್ರವಾರ

ಆಡಳಿತ ಮಂಡಳಿ ಶಿಫಾರಸನ್ನು ಕೈಬಿಟ್ಟಿತು. ಗಂಟೆಯಣ್ಣ ಬುಧವಾರ ಕೆಲಸಕ್ಕೆ ಬಂದ. ವಿಜ್ಞಾನದ ಮೇಡಂಗೆ ಎಚ್ಚರಿಕೆಯ ಪತ್ರ. ನನಗೂ ಒಂದು. ಕಿವಿಯ ಡಾಕ್ಟರ ಚೀಟಿ ತಂದುಕೊಡುವವರೆಗೆ ಹತ್ತನೇ ತರಗತಿ ನನಗಿಲ್ಲ. ಒಂಬತ್ತು ಉಳಿದಿದೆ. ಗ್ರಂಥಾಲಯದ ಮಾತು ಬಂತಂತೆ, ಮುಂದಿನ ವರ್ಷ ನೋಡೋಣ ಅಂದರಂತೆ. ಇಷ್ಟು ದಿನ ಅದಕ್ಕೇ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಸುದ್ದಿ ಕೇಳಿದಾಗ ಹಸಿವಾಯಿತು, ಹೋಗಿ ಊಟ ಮಾಡಿದೆ.

ತರಗತಿಯಲ್ಲಿ ಪಾಠಕ್ಕೆ ಮುಂಚೆ, ನನಗೆ ಕೇಳಿಸುವುದು ಕಡಿಮೆ, ಪ್ರಶ್ನೆ ಇದ್ದವರು ಎದುರಿಗೆ ಬಂದು ಕೇಳಿ ಎಂದೆ. ಯಾರೂ ನಗಲಿಲ್ಲ. ಯಾರಿಗೂ ಆಶ್ಚರ್ಯವೂ ಆಗಲಿಲ್ಲ.

ಆಮೇಲೆ ಹೇಳಿದೆ: “ಪಾಪನಿವೇದನೆಯ ಬಗ್ಗೆ ನಾನು ನಿಮಗೆ ಅರ್ಧ ಪಾಠ ಮಾಡಿದ್ದೆ. ಪಾದ್ರಿ ಹೊರಗೆ ಹೇಳುವಂತಿಲ್ಲ, ನಿಜ. ಆದರೆ ಬಂದವರನ್ನು ಸುಮ್ಮನೆ ‘ಹೋಗು’ ಎಂದು ಕಳಿಸುವಂತೆಯೂ ಇರಲಿಲ್ಲ. ಮತ್ತೆ ಮತ್ತೆ ಕೇಳಬೇಕಿತ್ತು: ಎಲ್ಲಿ, ಯಾವಾಗ, ಯಾರಿಗೆ ನೋವಾಯಿತು? ಕದ್ದವನು ಕದ್ದದ್ದನ್ನು ಹಿಂದಿರುಗಿಸಬೇಕು. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದವನು ಹೋಗಿ ಆ ಹೆಸರನ್ನು ಸರಿಮಾಡಬೇಕು. ಹಾನಿ ತುಂಬಿಕೊಡಲು ಒಪ್ಪದವರಿಗೆ ಕ್ಷಮೆ ಇರಲಿಲ್ಲ. ಇಷ್ಟು ವರ್ಷ ಗುಟ್ಟಿನ ಭಾಗವನ್ನೇ ಹೇಳಿಕೊಂಡು ಬಂದೆ, ಅದು ಕತೆಗೆ ಚೆಂದ ಅಂತ.”

ಮೂರನೇ ಬೆಂಚಿನಿಂದ ಆ ಹುಡುಗಿ ಎದ್ದು ಮೇಜಿನ ಎದುರಿಗೇ ಬಂದಳು. “ಪಾದ್ರಿಯೇ ತಪ್ಪು ಮಾಡಿದ್ರೆ ಸರ್?”

“ಅವನೂ ಇನ್ನೊಬ್ಬ ಪಾದ್ರಿಯ ಮುಂದೆ ಮಂಡಿಯೂರಬೇಕು.”

“ಸರಿ” ಎಂದು ಹೋಗಿ ಕೂತಳು. ಬರೆದುಕೊಂಡಳು.

ಅಕ್ಟೋಬರ್ 11, ಶನಿವಾರ

ಮುಖ್ಯೋಪಾಧ್ಯಾಯಿನಿ ಆ ಹುಡುಗಿಗೆ ಕೊಟ್ಟ ಶಿಕ್ಷೆ: ಪ್ರತಿ ಶನಿವಾರ ಮಧ್ಯಾಹ್ನ ಗಂಟೆಯಣ್ಣನ ಜೊತೆ ದಾಖಲೆ ಕೋಣೆಯಲ್ಲಿ ಕೆಲಸ. ಒಣಗಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಶಾಯಿ ಹರಡಿರುವ ಹೆಸರುಗಳನ್ನು ಹೊಸ ಪುಸ್ತಕಕ್ಕೆ ಇಳಿಸಬೇಕು. ನನಗೆ ಯಾರೂ ಶಿಕ್ಷೆ ಕೊಟ್ಟಿರಲಿಲ್ಲ. ಇವತ್ತು ಊಟ ಮುಗಿಸಿ ನಾನೇ ಹೋದೆ.

ಕೋಣೆಯಲ್ಲಿ ಇನ್ನೂ ಮುಗ್ಗಲು ವಾಸನೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಹಾಳೆಗಳನ್ನು ಬಟ್ಟೆಯ ಹಾಗೆ ನೇತುಹಾಕಿದ್ದರು. ಗಂಟೆಯಣ್ಣ ನಾನು ಬಂದದ್ದನ್ನು ನೋಡಿ ಮುಖ ತಿರುಗಿಸಿದ. ಕೆಲಸಕ್ಕೆ ಬಂದು ಹತ್ತು ದಿನವಾದರೂ ನನ್ನ ಜೊತೆ ಒಂದು ಮಾತಿಲ್ಲ. ನಾನು ಪೆನ್ನು ತೆಗೆದು ಹುಡುಗಿಯ ಎದುರಿಗೆ ಕೂತೆ. ಅವಳು ಓದುವುದು, ನಾನು ಬರೆಯುವುದು, ಅವನು ಹಾಳೆ ಬಿಡಿಸುವುದು. ಶಾಯಿ ಪೂರ್ತಿ ಹೋಗಿದ್ದ ಕಡೆ ಹುಡುಗಿ ಅವನ ಕಡೆ ನೋಡುತ್ತಿದ್ದಳು. ಅವನು ಊರು, ತಂದೆಯ ಕಸುಬು ಕೇಳಿಕೊಂಡು ಹೆಸರು ಹೇಳುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಇಲ್ಲಿ ಓದಿದ ಮಕ್ಕಳೆಲ್ಲ ಅವನಿಗೆ ಬಾಯಿಪಾಠ. ಅವನು ಅವಳಿಗೆ ಹೇಳುವುದು, ಅವಳು ನನಗೆ ಕೂಗುವುದು. ಹೀಗೆ ಎರಡು ಗಂಟೆ ನಡೆಯಿತು. ಅವಳ ಗಂಟಲು ಕಟ್ಟಿತು. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದಳು.

ನಾನು ಅರ್ಧ ಬರೆದಿದ್ದ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ಕಾದೆ. ಒಂದು ಹಾಳೆ ಹಗ್ಗದಿಂದ ಜಾರಿ ಬಿತ್ತು. ಗಂಟೆಯಣ್ಣ ಅದನ್ನು ಎತ್ತಿಕೊಂಡು ನನ್ನ ಹತ್ತಿರ ಬಂದು ನಿಂತ. ನನ್ನ ಪುಸ್ತಕ ನೋಡಿದ. ಬೆರಳಿಟ್ಟು ಒಂದು ಹೆಸರು ತೋರಿಸಿದ, ಏನೋ ಹೇಳಿದ.

ತಲೆ ತಾನಾಗಿ ಆಡಲು ಹೊರಟಿತ್ತು. ಹಿಡಿದುಕೊಂಡೆ. “ಕೇಳಿಸಲಿಲ್ಲ ಗಂಟೆಯಣ್ಣ.”

ಅವನು ಕುರ್ಚಿಯನ್ನು ಸುತ್ತಿಕೊಂಡು ನನ್ನ ಬಲಗಡೆಗೆ ಬಂದ. ಬಾಗಿದ. “ತಪ್ಪು ಬರ್ದಿದೀರಿ ಮೇಷ್ಟ್ರೇ. ಆ ಹುಡುಗಂದು ಈ ಹೆಸರಲ್ಲ” ಎಂದು, ಸರಿಯಾದದ್ದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

ಹೊಡೆದುಹಾಕಿ, ಅವನು ಹೇಳಿದ ಹಾಗೆ ಬರೆದೆ.